ಲಯನ್‌ಫಿಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಇಲ್ಲಿ ಊರಿನ ಮೀನು, ಅಲ್ಲಿ ಊರು ಹಾಳು ಮಾಡಿದ ಮೀನು

ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ, ಕಾಲೇಜು ಹುಡುಗರ ಜೊತೆ ಮಾತಾಡುವಾಗ, ಮನೆಯಲ್ಲಿ ಅಕ್ವೇರಿಯಂ ಇಟ್ಟವರು ಬರೆಯುವ ಪತ್ರಗಳಲ್ಲಿ ಈ ಮೀನಿನ ಬಗ್ಗೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಬೋಟಿನಲ್ಲಿ ಕೆಲಸ ಮಾಡುವವರು ಮುಳ್ಳು ಚುಚ್ಚಿದರೆ ಏನು ಮಾಡಬೇಕು ಅನ್ನುವ ಉತ್ತರವನ್ನು ಮೊದಲು ಓದಿ. ಉಳಿದದ್ದನ್ನು ಆಮೇಲೆ ನೋಡಬಹುದು.

## ಮೊದಲ ಪರಿಚಯ

ಲಯನ್‌ಫಿಶ್ ಅಂದ್ರೆ ಯಾವ ಮೀನು? ನೋಡಿದ ಕೂಡಲೇ ಗುರುತು ಸಿಗುತ್ತಾ?

ಸಿಗುತ್ತೆ. ಮೈ ತುಂಬ ಕೆಂಪು ಅಥವಾ ಕಂದು ಪಟ್ಟೆ, ನಡುವೆ ಬಿಳಿ ಗೆರೆ. ಎರಡೂ ಬದಿಯ ರೆಕ್ಕೆಗಳು ಬಿಚ್ಚಿದ ಬೀಸಣಿಗೆಯ ಹಾಗೆ ಅಗಲ. ಬೆನ್ನ ಮೇಲೆ ಉದ್ದುದ್ದ ಮುಳ್ಳುಗಳು ಬಿಡಿ ಬಿಡಿಯಾಗಿ ನಿಂತಿರುತ್ತವೆ. ಕಣ್ಣಿನ ಮೇಲೆ ಎಷ್ಟೋ ಸಲ ಸಣ್ಣ ಕೊಂಬಿನಂಥದ್ದು ಇರುತ್ತೆ. ಕನ್ನಡದಲ್ಲಿ ಕೆಲವರು ಸಿಂಹಮೀನು ಅಂತ ಬರೆಯುತ್ತಾರೆ. ನಾನು ಬಳಕೆಯಲ್ಲಿರುವ ಲಯನ್‌ಫಿಶ್ ಅನ್ನೇ ಇಟ್ಟುಕೊಂಡಿದ್ದೇನೆ.

ಇದು ಒಂದೇ ಜಾತಿಯಲ್ಲ. ಟೆರಾಯ್ಸ್ ಅನ್ನುವ ಗುಂಪಿನಲ್ಲಿ ಸುಮಾರು ಹನ್ನೆರಡು ಜಾತಿಗಳಿವೆ. ಬೇರೆ ಕಡಲಿಗೆ ಹೋಗಿ ತೊಂದರೆ ಮಾಡಿದ್ದು ಎರಡು: ಟೆರಾಯ್ಸ್ ವೊಲಿಟಾನ್ಸ್ ಮತ್ತು ಟೆರಾಯ್ಸ್ ಮೈಲ್ಸ್. ಇವೆರಡೂ ನೋಡಲು ಎಷ್ಟು ಹತ್ತಿರ ಅಂದ್ರೆ ರೆಕ್ಕೆಯ ಕಡ್ಡಿಗಳನ್ನು ಎಣಿಸಿ ನೋಡುವ ತಜ್ಞರಿಗೂ ಕೆಲವೊಮ್ಮೆ ಗೊಂದಲ ಆಗುತ್ತೆ.

ನಮ್ಮ ಬೋಟಿನ ಬಲೆಯಲ್ಲಿ ಇಂಥ ಮೀನು ಬಂದಿತ್ತು. ಟಿವಿಯಲ್ಲಿ ತೋರಿಸಿದ್ದು ಅದೇನಾ?

ಅದೇ ಕುಟುಂಬದ್ದು. ಭಾರತದ ಕರಾವಳಿಯಲ್ಲಿ ಲಯನ್‌ಫಿಶ್ ಹಿಂದಿನಿಂದಲೂ ಇದೆ. ಟ್ರಾಲ್ ಬಲೆಗೆ ಸಿಗುವುದರಲ್ಲಿ ಟೆರಾಯ್ಸ್ ರಸೆಲಿ ಅನ್ನುವ ಜಾತಿಯೂ ಉಂಟು. ಅದು ಮರಳು, ಕೆಸರಿನ ತಳ ಇರುವ ಕಡೆಯೂ ಬದುಕುತ್ತೆ. ವಿಶಾಖಪಟ್ಟಣದ ಕಡೆಯ ಮೀನುಗಳನ್ನು ಇನ್ನೂರು ವರ್ಷಕ್ಕೂ ಹಿಂದೆ ವಿವರಿಸಿದ ಪ್ಯಾಟ್ರಿಕ್ ರಸೆಲ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಟೆರಾಯ್ಸ್ ಮೈಲ್ಸ್ ಹಿಂದೂ ಮಹಾಸಾಗರದ್ದೇ ಮೀನು. 1828ರಲ್ಲಿ ಅದಕ್ಕೆ ಹೆಸರು ಕೊಟ್ಟದ್ದು ಶ್ರೀಲಂಕಾದಲ್ಲಿ ಸಿಕ್ಕ ಮೀನನ್ನು ನೋಡಿ.

ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋದವರು ಬಂಡೆಯ ಸಂದಿಯಲ್ಲಿ ಲಯನ್‌ಫಿಶ್ ನೋಡಿ ಬರುತ್ತಾರೆ. ಅದು ಅಲ್ಲಿಗೆ ಹೊಸದಾಗಿ ಬಂದದ್ದಲ್ಲ, ಅದರ ಮನೆಯೇ ಅದು.

ಹಾಗಾದ್ರೆ ಅದನ್ನು ಆಕ್ರಮಣಕಾರಿ ಮೀನು ಅಂತ ಯಾಕೆ ಹೇಳ್ತಾರೆ? ಕಂಡಲ್ಲಿ ಕೊಲ್ಲಬೇಕು ಅಂತಾನೂ ಕೇಳಿದ್ದೇನೆ.

ಕೊಲ್ಲಿ ಅಂತ ಹೇಳಿದ್ದು ಅಮೆರಿಕದ ಪೂರ್ವ ಕರಾವಳಿ, ಕೆರಿಬಿಯನ್, ಮೆಕ್ಸಿಕೋ ಕೊಲ್ಲಿ ಮತ್ತು ಮೆಡಿಟರೇನಿಯನ್ ಕಡೆಯವರಿಗೆ. ಅಲ್ಲಿ ಈ ಮೀನು ಯಾವತ್ತೂ ಇರಲಿಲ್ಲ. ಮನುಷ್ಯರ ಕೈಯಿಂದಲೋ, ಮನುಷ್ಯರು ತೋಡಿದ ಕಾಲುವೆಯಿಂದಲೋ ಹೋಯಿತು. ಅಲ್ಲಿನ ಸಣ್ಣ ಮೀನುಗಳನ್ನು ತಿಂದು ಮುಗಿಸುತ್ತಾ ಬಂತು.

ನಮ್ಮಲ್ಲಿ ಕೊಲ್ಲುವ ಅಗತ್ಯ ಏನೂ ಇಲ್ಲ. ಫ್ಲಾರಿಡಾದ ವಿಡಿಯೋ ನೋಡಿ ನೇತ್ರಾಣಿಗೆ ಈಟಿ ಹಿಡಿದು ಹೊರಡಬೇಡಿ ಅಂತ ಡೈವಿಂಗ್ ಕಲಿಯುವ ಹುಡುಗರಿಗೆ ನಾನು ಪ್ರತಿ ಸಲ ಹೇಳುತ್ತೇನೆ. ಮಸ್ಕತ್‌ನಲ್ಲೋ ಜೆಡ್ಡಾದಲ್ಲೋ ಇರುವ ನಮ್ಮೂರಿನವರಿಗೂ ಇದೇ ಮಾತು. ಒಮಾನ್ ಕಡಲು, ಕೆಂಪು ಸಮುದ್ರ ಎರಡೂ ಇದರ ತವರೇ.

ಮುಳ್ಳು ಚುಚ್ಚಿದ್ರೆ ಸಾಯ್ತಾರಾ? ಕಲಾಸಿಗಳು ಕೈ ಹಾಕಿಯೇ ಮೀನು ಬೇರೆ ಮಾಡೋದು.

ಸಾವು ತೀರಾ ಅಪರೂಪ. ಆದರೆ ನೋವು ಭಯಂಕರ. ಕೆಲವೇ ನಿಮಿಷದಲ್ಲಿ ಕೈ ಊದಿಕೊಳ್ಳುತ್ತೆ. ಕೆಲವರಿಗೆ ವಾಕರಿಕೆ, ತಲೆಸುತ್ತು, ಬೆವರು ಬರುತ್ತೆ. ಅಪರೂಪಕ್ಕೆ ಉಸಿರಾಟದ ತೊಂದರೆಯೂ ಆಗಬಹುದು.

ವಿಷ ಇರುವುದು 18 ಮುಳ್ಳುಗಳಲ್ಲಿ: ಬೆನ್ನಲ್ಲಿ 13, ಹೊಟ್ಟೆಯ ಕೆಳಗಿನ ರೆಕ್ಕೆಗಳಲ್ಲಿ ಒಂದೊಂದು, ಬಾಲದ ಹತ್ತಿರ ಅಡಿಯಲ್ಲಿ 3. ಅಗಲವಾಗಿ ಕಾಣುವ ಬದಿಯ ರೆಕ್ಕೆಗಳಲ್ಲಿ ವಿಷವಿಲ್ಲ. ಮುಳ್ಳು ಚರ್ಮದೊಳಗೆ ಹೋದಾಗ ಅದರ ಮೇಲಿನ ಪೊರೆ ಹಿಂದಕ್ಕೆ ಸರಿದು, ಮುಳ್ಳಿನ ಉದ್ದಕ್ಕಿರುವ ಸಣ್ಣ ಗೀರಿನಲ್ಲಿರುವ ವಿಷ ಗಾಯಕ್ಕೆ ಇಳಿಯುತ್ತೆ. ಮೀನು ಬೆನ್ನಟ್ಟಿ ಬಂದು ಚುಚ್ಚುವುದಿಲ್ಲ. ಮುಳ್ಳಿರುವುದು ತನ್ನ ರಕ್ಷಣೆಗೆ.

ಚುಚ್ಚಿದರೆ ಮಾಡಬೇಕಾದ್ದು ಇಷ್ಟು. ಮೊದಲು ಮೀನನ್ನು ದೂರ ಇಡಿ, ಗಾಯದಲ್ಲಿ ಮುಳ್ಳಿನ ಚೂರು ಕಂಡರೆ ತೆಗೆಯಿರಿ. ಆಮೇಲೆ ತಡೆಯಲು ಆಗುವಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆ ಕೈಯನ್ನೋ ಕಾಲನ್ನೋ ಮುಳುಗಿಸಿ ಇಡಿ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕಾಗಬಹುದು. ಈ ವಿಷ ಪ್ರೋಟೀನ್‌ನಿಂದ ಆದದ್ದು, ಬಿಸಿಗೆ ಕೆಡುತ್ತೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದಲೇ ನೋಡಬೇಕು. ನೋವಿನಲ್ಲಿರುವ ಕೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟು ಬೊಬ್ಬೆ ಬಂದೀತು. ಬೋಟಿನಲ್ಲಿ ಅನ್ನ ಬೇಯಿಸುವ ಒಲೆ ಇದ್ದೇ ಇರುತ್ತಲ್ವಾ, ಹಾಗಾಗಿ ಬಿಸಿ ನೀರಿಗೆ ಕಷ್ಟವಿಲ್ಲ.

ಐಸ್ ಇಡಬೇಡಿ. ಗಾಯ ಕೊಯ್ಯಬೇಡಿ, ಬಾಯಿಂದ ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ. ದಡಕ್ಕೆ ಬಂದ ಮೇಲೆ ವೈದ್ಯರಿಗೆ ತೋರಿಸಿ. ಒಳಗೆ ಮುಳ್ಳಿನ ಚೂರು ಉಳಿದಿರಬಹುದು, ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು. ಉಸಿರು ಕಟ್ಟಿದ ಹಾಗೆ ಆದರೆ, ಎದೆ ನೋವು ಬಂದರೆ ಕಾಯಬೇಡಿ. ದಡ ಮುಟ್ಟುವ ಮೊದಲೇ 108ಕ್ಕೆ ಹೇಳಿಡಿ.

ತೊರಕೆ ಚುಚ್ಚಿದರೂ, ತೇಡೆ ಮೀನಿನ ಮುಳ್ಳು ಹೊಕ್ಕರೂ ಇದೇ ಬಿಸಿ ನೀರಿನ ಉಪಚಾರ ನಡೆಯುತ್ತೆ. ನಮ್ಮ ಬೋಟುಗಳಲ್ಲಿ ಲಯನ್‌ಫಿಶ್‌ಗಿಂತ ಅವೇ ಜಾಸ್ತಿ ಚುಚ್ಚುವುದು. ಹಾಗಾಗಿ ಈ ಒಂದು ವಿಷಯ ಬೋಟು ನಡೆಸುವ ಪ್ರತಿ ತಾಂಡೇಲರಿಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಇನ್ನೊಂದು: ಮೀನು ಸತ್ತಿದೆ, ಐಸ್‌ನಲ್ಲಿದೆ ಅಂತ ಧೈರ್ಯ ಮಾಡಬೇಡಿ. ಸತ್ತ ಮೀನಿನ ಮುಳ್ಳೂ ಚುಚ್ಚುತ್ತೆ, ವಿಷವೂ ಇಳಿಯುತ್ತೆ.

ವಿಷದ ಮೀನು ಅಂತೀರಿ, ಮತ್ತೆ ಅಮೆರಿಕದವರು ತಿನ್ತಾರಂತಲ್ಲ?

ತಿನ್ನುತ್ತಾರೆ. ವಿಷ ಇರುವುದು ಮುಳ್ಳಿನಲ್ಲಿ, ಮಾಂಸದಲ್ಲಿ ಅಲ್ಲ. ಗಟ್ಟಿ ಕತ್ತರಿಯಿಂದ ಮುಳ್ಳುಗಳನ್ನು ಕತ್ತರಿಸಿ ತೆಗೆದರೆ ಒಳಗೆ ಬಿಳಿ, ಮೆತ್ತಗಿನ ಮಾಂಸ. ಬೇಯಿಸಿದಾಗ ಉಳಿದ ವಿಷವೂ ಕೆಡುತ್ತೆ. 2016ರಿಂದ ಅಮೆರಿಕದ ಹೋಲ್ ಫುಡ್ಸ್ ಅಂಗಡಿಗಳಲ್ಲೂ ಮಾರಾಟಕ್ಕೆ ಬಂತು. ಕೊಲಂಬಿಯಾದಲ್ಲಿ ಕ್ರೈಸ್ತರ ಉಪವಾಸದ ದಿನಗಳಲ್ಲಿ ಇದೇ ಮೀನು ತಿನ್ನಿ ಅಂತ ಪಾದ್ರಿಗಳು ಹೇಳಿದ್ದುಂಟು.

ಕೆರಿಬಿಯನ್‌ನ ಕೆಲವು ಕಡೆ ಮಾತ್ರ ಎಚ್ಚರ ಬೇಕು. ಅಲ್ಲಿನ ಹವಳದ ಬಂಡೆಯ ದೊಡ್ಡ ಮೀನುಗಳಲ್ಲಿ ಸಿಗ್ವಾಟೆರಾ ಅನ್ನುವ ಬೇರೆಯೇ ಒಂದು ವಿಷ ಸೇರಿಕೊಳ್ಳುತ್ತೆ. ಅದು ಬೇಯಿಸಿದರೂ ಹೋಗುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಕಾರ್ಗಿಲ್ ಮೀನು ರಾಶಿ ರಾಶಿ ಬರುತ್ತಲ್ಲ, ಅದೂ ಹೊರಗಿನ ಮೀನಾ?

ಅಲ್ಲ. ನಾವು ಕಾರ್ಗಿಲ್ ಅಂತ ಕರೆಯುವುದು ಕೆಂಪು ಹಲ್ಲಿನ ಟ್ರಿಗರ್ ಮೀನು. ಹಿಂದೂ ಮಹಾಸಾಗರದ್ದೇ. ಅದು ಗುಂಪಾಗಿ ಬಂದಾಗ ಬಲೆ ಕಚ್ಚಿ ಹರಿಯುತ್ತೆ, ಬೇರೆ ಮೀನಿಗೆ ಜಾಗ ಬಿಡುವುದಿಲ್ಲ, ಕೊನೆಗೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತೆ. ಮೀನುಗಾರರಿಗೆ ನಷ್ಟ ನಿಜ. ಆದರೆ ಇರುವ ಮೀನು ಒಮ್ಮೆಲೇ ಹೆಚ್ಚಾಗುವುದು ಬೇರೆ, ಇಲ್ಲದ ಮೀನು ಹೊಸದಾಗಿ ಬಂದು ನೆಲೆಸುವುದು ಬೇರೆ. ಮೊದಲನೆಯದು ವರ್ಷದಿಂದ ವರ್ಷಕ್ಕೆ ಏರಿ ಇಳಿಯುತ್ತೆ. ಎರಡನೆಯದು ಒಮ್ಮೆ ಬೇರು ಬಿಟ್ಟರೆ ಹೋಗುವುದೇ ಇಲ್ಲ.

## ಅದರ ಬದುಕು

ಇಷ್ಟು ನಿಧಾನ ಈಜುವ ಮೀನು ಬೇಟೆ ಹೇಗೆ ಆಡುತ್ತೆ?

ನಿಧಾನವೇ ಅದರ ಉಪಾಯ. ಬೆಳಗಿನ ಜಾವ ಮತ್ತು ಸಂಜೆ ಮಬ್ಬಿನಲ್ಲಿ ಅದಕ್ಕೆ ಚುರುಕು ಜಾಸ್ತಿ. ಬದಿಯ ರೆಕ್ಕೆಗಳನ್ನು ಬಿಚ್ಚಿ, ಸಣ್ಣ ಮೀನನ್ನು ಬಂಡೆಯ ಮೂಲೆಗೆ ಒತ್ತುತ್ತಾ ಹೋಗುತ್ತೆ. ಹತ್ತಿರ ಬಂದ ಮೇಲೆ ಬಾಯಿಂದ ನೀರನ್ನು ಪಿಚಕಾರಿ ಬಿಟ್ಟ ಹಾಗೆ ಊದುವುದೂ ಉಂಟು. ಹರಿವು ಬಂದ ಕಡೆಗೆ ತಲೆ ತಿರುಗಿಸುವುದು ಮೀನುಗಳ ಅಭ್ಯಾಸ. ತಲೆ ತನ್ನ ಕಡೆಗೆ ತಿರುಗಿದ ಕೂಡಲೇ ಗಬಕ್ಕನೆ ನುಂಗುತ್ತೆ. ತಲೆಯಿಂದ ನುಂಗಿದರೆ ಆ ಮೀನಿನ ಮುಳ್ಳುಗಳು ಗಂಟಲಿಗೆ ಸಿಕ್ಕುವುದಿಲ್ಲ.

ಸಣ್ಣ ಮೀನು, ಸಿಗಡಿ, ಏಡಿ ಯಾವುದಾದರೂ ಆದೀತು. ತನ್ನ ಉದ್ದದ ಅರ್ಧದಷ್ಟು ದೊಡ್ಡ ಮೀನನ್ನೂ ನುಂಗಬಲ್ಲದು. ಹೊಟ್ಟೆ ಖಾಲಿ ಇದ್ದಾಗಿನ ಗಾತ್ರದ 30 ಪಟ್ಟು ಹಿಗ್ಗುತ್ತೆ. ಏನೂ ಸಿಗದಿದ್ದರೆ ಎರಡು ಮೂರು ತಿಂಗಳು ಉಪವಾಸವೂ ಇರುತ್ತೆ. ಹೊಸ ಕಡಲಿನಲ್ಲಿ ನೆಲೆ ಹುಡುಕುವ ಪ್ರಾಣಿಗೆ ಇದಕ್ಕಿಂತ ಅನುಕೂಲದ ಗುಣ ಬೇರೆ ಬೇಕಾ?

ಒಂದು ಮೀನು ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತೆ?

ಬೆಚ್ಚಗಿನ ನೀರಿನಲ್ಲಿ, ಅಟ್ಲಾಂಟಿಕ್‌ನಲ್ಲಿ ಮಾಡಿದ ಲೆಕ್ಕದಂತೆ, ಒಂದು ಹೆಣ್ಣು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆ ಇಡಬಲ್ಲದು. ವರ್ಷಕ್ಕೊಮ್ಮೆ ಅಲ್ಲ, ಎರಡು ಮೂರು ನಾಲ್ಕು ದಿನಕ್ಕೊಮ್ಮೆ ಇಡುತ್ತಲೇ ಇರುತ್ತೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ ಕೊಟ್ಟರೆ ಎಷ್ಟೋ ಮೀನುಗಳ ಸಂತಾನಕ್ಕೆ ಉಸಿರಾಡಲು ಸಮಯ ಸಿಗುತ್ತೆ. ಲಯನ್‌ಫಿಶ್‌ಗೆ ಹಾಗೆ ಒಂದು ಕಾಲ ಅಂತ ಇಲ್ಲ. ಒಂದು ವರ್ಷ ತುಂಬುವ ಹೊತ್ತಿಗೆ ಮರಿಯೂ ಮೊಟ್ಟೆ ಇಡುವ ಪ್ರಾಯಕ್ಕೆ ಬರುತ್ತೆ.

ಮೊಟ್ಟೆಗಳು ಲೋಳೆಯ ಎರಡು ಉಂಡೆಗಳಲ್ಲಿ ಸೇರಿಕೊಂಡು ಮೇಲಕ್ಕೆ ತೇಲುತ್ತವೆ. ಒಡೆದು ಬಂದ ಮರಿಗಳು ಸುಮಾರು 26 ದಿನ ನೀರಿನ ಹರಿವಿನ ಜೊತೆ ತೇಲಿ, ಆಮೇಲೆ ತಳಕ್ಕೆ ಇಳಿಯುತ್ತವೆ. ಈ 26 ದಿನವನ್ನು ನೆನಪಿಟ್ಟುಕೊಳ್ಳಿ. ಹರಡಿದ ಕಥೆಯೆಲ್ಲ ಅದರೊಳಗೇ ಇದೆ.

ಎಷ್ಟು ದೊಡ್ಡದಾಗುತ್ತೆ, ಎಷ್ಟು ವರ್ಷ ಬದುಕುತ್ತೆ?

ಅಟ್ಲಾಂಟಿಕ್‌ನಲ್ಲಿ 47 ಸೆಂ.ಮೀ. ಉದ್ದದವು ಸಿಕ್ಕಿವೆ. ತವರಿನಲ್ಲಿ ಸಾಮಾನ್ಯವಾಗಿ ಅಷ್ಟು ಬೆಳೆಯುವುದಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು.

ಚಳಿ ನೀರು, ಹೊಳೆ ನೀರು, ಆಳ ಕಡಲು ಇದ್ಯಾವುದೂ ತಡೆಯೋದಿಲ್ವಾ?

ಚಳಿ ತಡೆಯುತ್ತೆ. ನೀರು 16 ಡಿಗ್ರಿಗೆ ಇಳಿದರೆ ಊಟ ಬಿಡುತ್ತೆ, 10 ಡಿಗ್ರಿಗೆ ಇಳಿದರೆ ಸಾಯುತ್ತೆ. ಬೇಸಿಗೆಯಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ವರೆಗೂ ಮರಿಗಳು ತೇಲಿ ಹೋಗುತ್ತವೆ, ಚಳಿಗಾಲದಲ್ಲಿ ಅಲ್ಲಿ ಉಳಿಯುವುದಿಲ್ಲ.

ಆಳ ತಡೆಯುವುದಿಲ್ಲ. 300 ಮೀಟರ್ ಆಳದಲ್ಲೂ ಸಬ್‌ಮರ್ಸಿಬಲ್ ಅನ್ನುವ ಸಣ್ಣ ಮುಳುಗುನೌಕೆಯಿಂದ ನೋಡಿದ್ದಾರೆ. ಉಪ್ಪು ಕಡಿಮೆ ಇರುವ ಅಳಿವೆಯ ನೀರೂ ಅದಕ್ಕೆ ನಡೆಯುತ್ತೆ. ಫ್ಲಾರಿಡಾದ ಲೋಕ್ಸಹ್ಯಾಚಿ ನದಿಯಲ್ಲಿ ಸಮುದ್ರದಿಂದ ಐದು ಕಿ.ಮೀ.ಗೂ ಹೆಚ್ಚು ಒಳಗೆ ಸಿಕ್ಕಿದೆ. ಪೂರ್ತಿ ಸಿಹಿನೀರಿನಲ್ಲಿ ಮಾತ್ರ ಬದುಕುವುದಿಲ್ಲ.

## ಹರಡಿದ ಕಥೆ

ಚಂಡಮಾರುತಕ್ಕೆ ಅಕ್ವೇರಿಯಂ ಒಡೆದು ಆರು ಮೀನು ಕಡಲಿಗೆ ಬಿತ್ತು, ಅಲ್ಲಿಂದ ಶುರುವಾಯ್ತು ಅಂತ ಓದಿದ್ದೇನೆ. ನಿಜವಾ?

ಈ ಕಥೆ ಎಲ್ಲ ಕಡೆ ಓಡಾಡುತ್ತೆ. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿದ್ದು ನಿಜ. ಆದರೆ ಲಯನ್‌ಫಿಶ್ ಅದಕ್ಕೂ ಏಳು ವರ್ಷ ಮೊದಲೇ, 1985ರಲ್ಲಿ, ಫ್ಲಾರಿಡಾದ ಡೇನಿಯಾ ಬೀಚ್ ಹತ್ತಿರ ಸಿಕ್ಕಿತ್ತು. ಹಾಗಾಗಿ ಚಂಡಮಾರುತದ ಮೇಲೆ ತಪ್ಪು ಹಾಕಿದರೆ ಲೆಕ್ಕ ಸರಿ ಹೋಗುವುದಿಲ್ಲ.

ಹೆಚ್ಚಿನವರು ಒಪ್ಪುವುದು ಇದನ್ನು: ಮನೆಯ ಅಕ್ವೇರಿಯಂನಲ್ಲಿ ಸಾಕಿದವರು ಬೇಡವಾದಾಗ ಕಡಲಿಗೆ ಬಿಟ್ಟರು. ಒಬ್ಬರಲ್ಲ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು. ಮರಿಯಾಗಿದ್ದಾಗ ಚಂದ ಕಾಣುವ ಮೀನು ಬೆಳೆದ ಮೇಲೆ ತೊಟ್ಟಿಯ ಉಳಿದ ಮೀನುಗಳನ್ನು ನುಂಗಲು ಶುರು ಮಾಡುತ್ತೆ. ಕೊಲ್ಲಲು ಮನಸ್ಸು ಬರುವುದಿಲ್ಲ. ಕಡಲಿಗೆ ಬಿಟ್ಟರೆ ಪುಣ್ಯ ಅನ್ನಿಸುತ್ತೆ. ಕೆಟ್ಟ ಬುದ್ಧಿಯಿಂದ ಯಾರೂ ಮಾಡಿದ್ದಲ್ಲ. ನನಗೆ ತುಂಬ ಸಂಕಟ ಕೊಡುವ ಸಂಗತಿ ಅದೇ.

ಎಷ್ಟು ಬೇಗ ಹರಡಿತು?

ಮೊದಲ ಹದಿನೈದು ವರ್ಷ ಅಲ್ಲೊಂದು ಇಲ್ಲೊಂದು. 2000ದ ಹೊತ್ತಿಗೆ ಉತ್ತರ ಕೆರೊಲಿನಾದವರೆಗೆ ಡೈವರ್‌ಗಳ ಕಣ್ಣಿಗೆ ಬೀಳತೊಡಗಿತು. 2004ರಲ್ಲಿ ಬಹಾಮಾಸ್, 2007ರಲ್ಲಿ ಕ್ಯೂಬಾ, ಅದರ ಬೆನ್ನಿಗೇ ಜಮೈಕಾ, ಬೆಲೀಜ್, ಕೊಲಂಬಿಯಾ, ವೆನೆಜುವೆಲಾ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಉತ್ತರ ಭಾಗ. ಗಲ್ಫ್ ಸ್ಟ್ರೀಮ್‌ನಂಥ ದೊಡ್ಡ ಹರಿವುಗಳು ಇರುವ ಕಡಲು ಅದು. 26 ದಿನ ತೇಲುವ ಮರಿಗೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಲು ಅಷ್ಟು ಸಾಕು.

ಅಮೆಜಾನ್ ನದಿ ಕಡಲಿಗೆ ಸುರಿಯುವ ಸಿಹಿ, ಕೆಸರು ನೀರು ಇದನ್ನು ದಕ್ಷಿಣಕ್ಕೆ ಹೋಗದಂತೆ ತಡೆಯಬಹುದು ಅಂತ ಕೆಲವರು ನಂಬಿದ್ದರು. 2014ರಲ್ಲಿ ಬ್ರೆಜಿಲ್‌ನಲ್ಲಿ ಒಂದು ಮೀನು ಸಿಕ್ಕಿತು. 2020ರಲ್ಲಿ ಅಲ್ಲಿನ ಫೆರ್ನಾಂಡೊ ಡಿ ನರೋನ್ಯಾ ದ್ವೀಪಗಳಲ್ಲೂ ಕಂಡಿತು. ಕೆಸರು ನೀರು ಇರುವುದು ಮೇಲ್ಭಾಗದಲ್ಲಿ. ಅದರ ಕೆಳಗೆ, ಆಳದಲ್ಲಿ, ದಾರಿ ತೆರೆದೇ ಇತ್ತು.

ಮೆಡಿಟರೇನಿಯನ್‌ಗೆ ಹೋದದ್ದೂ ಅಕ್ವೇರಿಯಂನಿಂದಲೇ?

ಅಲ್ಲಿಯ ದಾರಿ ಬೇರೆ. ಕೆಂಪು ಸಮುದ್ರದಿಂದ ಸೂಯೆಜ್ ಕಾಲುವೆಯ ಮೂಲಕ ಟೆರಾಯ್ಸ್ ಮೈಲ್ಸ್ ಒಳಗೆ ಹೋಯಿತು. ಕಾಲುವೆ ತೆರೆದದ್ದು 1869ರಲ್ಲಿ. ಅದರ ದಾರಿಯಲ್ಲಿರುವ ಕಹಿ ಸರೋವರಗಳ ನೀರು ಮೊದಲು ವಿಪರೀತ ಉಪ್ಪಾಗಿತ್ತು, ಮೀನುಗಳಿಗೆ ಅದೇ ತಡೆ. ವರ್ಷ ಕಳೆದಂತೆ ಉಪ್ಪು ಕರಗಿ ಕಡಿಮೆಯಾಯಿತು. ಕಾಲುವೆಯನ್ನು ಮತ್ತೆ ಮತ್ತೆ ಅಗಲ ಮಾಡಿದರು, 2015ರಲ್ಲೂ ಮಾಡಿದರು.

1991ರಲ್ಲಿ ಇಸ್ರೇಲ್ ಕರಾವಳಿಯಲ್ಲಿ ಒಂದು ಮೀನು ಸಿಕ್ಕಿತ್ತು. ಆಮೇಲೆ ಇಪ್ಪತ್ತು ವರ್ಷ ಸದ್ದಿಲ್ಲ. 2012ರಲ್ಲಿ ಲೆಬನಾನ್‌ನಲ್ಲಿ ಕಂಡಿತು. ಅಲ್ಲಿಂದ ಕೆಲವೇ ವರ್ಷದಲ್ಲಿ ಸೈಪ್ರಸ್, ಟರ್ಕಿ, ಗ್ರೀಸ್, ಟ್ಯುನೀಶಿಯಾ, ಇಟಲಿಯ ಸಿಸಿಲಿ. ನೀರು ಬೆಚ್ಚಗಾಗುತ್ತಿರುವುದೂ ಅದಕ್ಕೆ ಅನುಕೂಲವಾಯಿತು. ಮೊದಲ ಸಲ ಬಂದದ್ದು ನಿಲ್ಲಲಿಲ್ಲ, ಎರಡನೇ ಸಲ ನಿಂತಿತು. ಹೊರಗಿನ ಜೀವಿ ಒಂದೆರಡು ಕಂಡು ಮಾಯವಾದರೆ ಅಪಾಯ ಹೋಯ್ತು ಅಂತ ಕೂರಬಾರದು ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸಣ್ಣ ಮೀನು ತಿನ್ನೋದು ಎಲ್ಲ ಮೀನೂ ಮಾಡುತ್ತೆ. ಹಾನಿ ಆಗಿದೆ ಅಂತ ಹೇಗೆ ಗೊತ್ತಾಯ್ತು?

ಒಳ್ಳೆಯ ಪ್ರಶ್ನೆ. ಅಳೆದು ನೋಡಿದ್ದಾರೆ. ಬಹಾಮಾಸ್‌ನಲ್ಲಿ ಸಣ್ಣ ಸಣ್ಣ ಬಂಡೆಗಳನ್ನು ಆರಿಸಿ, ಕೆಲವಕ್ಕೆ ಒಂದೊಂದು ಲಯನ್‌ಫಿಶ್ ಬಿಟ್ಟು, ಕೆಲವನ್ನು ಹಾಗೇ ಇಟ್ಟರು. ಐದು ವಾರದ ನಂತರ ನೋಡಿದರೆ, ಲಯನ್‌ಫಿಶ್ ಇದ್ದ ಬಂಡೆಗಳಲ್ಲಿ ಹೊಸದಾಗಿ ನೆಲೆಸುವ ಮರಿಮೀನುಗಳ ಏರಿಕೆ 79 ಶೇಕಡಾ ಕುಸಿದಿತ್ತು. 2008ರಲ್ಲಿ ಪ್ರಕಟವಾದ ಈ ಪ್ರಯೋಗ ಎಲ್ಲರ ಕಣ್ಣು ತೆರೆಸಿತು.

ಆಮೇಲೆ ದೊಡ್ಡ ಬಂಡೆಗಳಲ್ಲೂ ಲೆಕ್ಕ ಹಾಕಿದರು. 2008ರಿಂದ 2010ರ ನಡುವೆ ಅದು ತಿನ್ನುವ ಮೀನುಗಳ ಒಟ್ಟು ತೂಕ ಸರಾಸರಿ 65 ಶೇಕಡಾ ಇಳಿದಿತ್ತು. ಬೆಲೀಜ್‌ನಲ್ಲಿ ಇನ್ನೂ ಬೇಸರದ ವಿಷಯ: ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಸಣ್ಣ ರಾಸ್ ಮೀನು ಅಲ್ಲಿದೆ. ಅಲ್ಲಿ ಲಯನ್‌ಫಿಶ್‌ನ ಊಟದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಅದೇ ಆಗಿತ್ತು.

## ಇನ್ನೂ ಆಳಕ್ಕೆ ಹೋಗುವವರಿಗೆ

ನೇತ್ರಾಣಿಯಲ್ಲಿ ಒಂದೆರಡು ಕಾಣುತ್ತೆ, ಬಹಾಮಾಸ್‌ನಲ್ಲಿ ಹಿಂಡು ಹಿಂಡು. ಮೀನು ಅದೇ ಆದ್ರೆ ವ್ಯತ್ಯಾಸ ಯಾಕೆ?

ಈ ಪ್ರಶ್ನೆ ನನಗೆ ಬಹಳ ಇಷ್ಟ. ಬಹಾಮಾಸ್‌ನ ಕೆಲವು ಕಡೆ ಒಂದು ಹೆಕ್ಟೇರಿಗೆ 390ಕ್ಕೂ ಹೆಚ್ಚು ಲಯನ್‌ಫಿಶ್ ಎಣಿಸಿದ್ದಾರೆ. ತವರಿನ ಹೆಚ್ಚಿನ ಕಡೆ ಹೆಕ್ಟೇರಿಗೆ ಬೆರಳೆಣಿಕೆಯಷ್ಟು.

ಒಂದೇ ಕಾರಣ ಅಂತ ಬೊಟ್ಟು ಮಾಡಲು ಆಗುವುದಿಲ್ಲ. ನಮ್ಮ ಕಡೆಯ ಸಣ್ಣ ಮೀನುಗಳು ಲಕ್ಷಾಂತರ ವರ್ಷ ಇದರ ಜೊತೆ ಬದುಕಿವೆ. ಈ ಪಟ್ಟೆ, ಈ ರೆಕ್ಕೆ ಕಂಡರೆ ದೂರ ಇರಬೇಕು ಅನ್ನುವುದು ಅವುಗಳ ರಕ್ತದಲ್ಲೇ ಇರಬಹುದು. ಅಟ್ಲಾಂಟಿಕ್‌ನ ಮೀನುಗಳಿಗೆ ಇದು ಬೇಟೆಗಾರ ಅಂತ ಗೊತ್ತೇ ಆಗಲಿಲ್ಲ. ಇನ್ನೊಂದು ಕಡೆಯಿಂದ, ಇದರ ಮೈಗೆ ಅಂಟುವ ಪರೋಪಜೀವಿಗಳು ಹೊಸ ಕಡಲಿನಲ್ಲಿ ತೀರಾ ಕಡಿಮೆ. ರೋಗ ಕಡಿಮೆ, ಊಟ ಜಾಸ್ತಿ, ಬೆಳವಣಿಗೆಯೂ ಜಾಸ್ತಿ.

ಇದನ್ನು ತಿನ್ನುವವರು ಯಾರು ಅನ್ನುವುದು ಮೂರನೇ ವಿಷಯ. ಕೆಂಪು ಸಮುದ್ರದಲ್ಲಿ ಕೊಳಲಿನಂತೆ ಉದ್ದ ಮೂತಿಯ ಕಾರ್ನೆಟ್ ಮೀನಿನ ಹೊಟ್ಟೆಯಲ್ಲಿ ಲಯನ್‌ಫಿಶ್ ಸಿಕ್ಕಿದೆ. ದೊಡ್ಡ ಮುರು ಮೀನುಗಳೂ ತಿನ್ನುತ್ತವೆ. ಆದರೆ ಕೆರಿಬಿಯನ್‌ನಲ್ಲಿ ದೊಡ್ಡ ಮುರುಗಳನ್ನು ಹಿಡಿದು ಹಿಡಿದು ಮೊದಲೇ ಖಾಲಿ ಮಾಡಿದ್ದರು. ಮನೆಯ ಬಾಗಿಲು ಕಾಯುವವರೇ ಇಲ್ಲದ ಹೊತ್ತಿನಲ್ಲಿ ಇದು ಒಳಗೆ ಬಂತು. ನಮ್ಮ ಬಂಡೆಗಳಲ್ಲಿ ಮುರು ಉಳಿಯಲಿ ಅಂತ ನಾನು ಹೇಳುವಾಗ ರುಚಿಯ ಮೀನು ಅಂತ ಮಾತ್ರ ಯೋಚನೆ ಮಾಡಬೇಡಿ.

ಅಟ್ಲಾಂಟಿಕ್‌ನಲ್ಲಿರೋದು ಮೈಲ್ಸಾ, ವೊಲಿಟಾನ್ಸಾ?

ಎರಡೂ ಇವೆ, ಹೆಚ್ಚಿನ ಪಾಲು ವೊಲಿಟಾನ್ಸ್. ಅಲ್ಲಿನ ಮೀನುಗಳ ಜೀನ್ ನೋಡಿದರೆ ವೈವಿಧ್ಯ ತೀರಾ ಕಡಿಮೆ. ಅಂದರೆ ಕೆಲವೇ ಮೀನುಗಳಿಂದ ಇಷ್ಟು ದೊಡ್ಡ ಸಂತತಿ ಬೆಳೆದಿದೆ. ವೊಲಿಟಾನ್ಸ್ ಅನ್ನುವುದೇ ಹಿಂದೂ ಮಹಾಸಾಗರದ ಮೈಲ್ಸ್ ಮತ್ತು ಪೆಸಿಫಿಕ್ ಕಡೆಯ ಇನ್ನೊಂದು ಬಳಗದ ಮೀನು ಹಿಂದೆಂದೋ ಕೂಡಿ ಹುಟ್ಟಿದ ಮಿಶ್ರತಳಿ ಇರಬಹುದು ಅನ್ನುವ ಅಧ್ಯಯನವೂ ಬಂದಿದೆ. ಹಾಗಿದ್ದರೆ ಅದರ ಅರ್ಧ ಬೇರು ನಮ್ಮ ಕಡಲಿನದ್ದೇ.

ನಮ್ಮ ಪರ್ಸೀನ್, ಟ್ರಾಲ್ ಬೋಟು ಕಳಿಸಿದ್ರೆ ಒಂದೇ ವಾರದಲ್ಲಿ ಖಾಲಿ ಮಾಡ್ತೇವೆ. ಅವರಿಗೆ ಯಾಕೆ ಆಗೋದಿಲ್ಲ?

ಮಲ್ಪೆಯ ತಾಂಡೇಲರೊಬ್ಬರು ಕೇಳಿದ್ದು, ನಂಬಿಕೆಯಿಂದ ಕೇಳಿದ್ದು. ತೊಂದರೆ ಏನೆಂದರೆ ಲಯನ್‌ಫಿಶ್ ಬಂಗುಡೆ, ಬೂತಾಯಿಯ ಹಾಗೆ ಮೇಲ್ನೀರಿನಲ್ಲಿ ಹಿಂಡು ಕಟ್ಟಿ ಓಡುವುದಿಲ್ಲ. ಹವಳದ ಸಂದಿಯಲ್ಲಿ, ಮುಳುಗಿದ ಹಡಗಿನ ಕೆಳಗೆ ತಲೆ ಕೆಳಗಾಗಿ ನಿಂತಿರುತ್ತೆ. ಅಲ್ಲಿ ಬಲೆ ಎಳೆದರೆ ಹವಳವೇ ಹೋಗುತ್ತೆ. ಗಾಳಕ್ಕೂ ಸಾಮಾನ್ಯವಾಗಿ ಬೀಳುವುದಿಲ್ಲ.

ಹಾಗಾಗಿ ಡೈವರ್‌ಗಳು ಒಂದೊಂದಾಗಿ ಈಟಿಯಿಂದ ಹಿಡಿಯಬೇಕು. ಅದಕ್ಕೆಂದೇ ಸ್ಪರ್ಧೆಗಳನ್ನು ನಡೆಸುತ್ತಾರೆ. 2019ರಲ್ಲಿ ಫ್ಲಾರಿಡಾದ ಡೆಸ್ಟಿನ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ 14 ಸಾವಿರಕ್ಕೂ ಹೆಚ್ಚು ಮೀನು ಹಿಡಿದರು. ಆದರೆ ಡೈವರ್ ಸುಲಭವಾಗಿ ಇಳಿಯಬಲ್ಲದ್ದು 30, 40 ಮೀಟರ್. ಅದರ ಕೆಳಗಿರುವ ದೊಡ್ಡ ಹೆಣ್ಣುಗಳು ಮೊಟ್ಟೆ ಇಡುತ್ತಲೇ ಇರುತ್ತವೆ. ಆಳಕ್ಕೆ ಇಳಿಸುವ ಹೊಸ ಬಗೆಯ ಬೋನುಗಳ ಪ್ರಯೋಗ ನಡೆದಿದೆ.

ಪೂರ್ತಿ ಅಳಿಸುವ ಆಸೆಯನ್ನು ಅಲ್ಲಿನವರು ಬಿಟ್ಟಿದ್ದಾರೆ. ಹಾಗಂತ ಹಿಡಿಯುವುದು ವ್ಯರ್ಥವಲ್ಲ. ಒಂದು ಬಂಡೆಯಲ್ಲಿ ಇದರ ಸಂಖ್ಯೆಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಟ್ಟರೆ ಸಾಕು, ಅಲ್ಲಿನ ಮೀನುಗಳು 50ರಿಂದ 70 ಶೇಕಡಾ ಚೇತರಿಸಿಕೊಂಡವು ಅಂತ ಬಹಾಮಾಸ್‌ನಲ್ಲೇ ಕಂಡುಕೊಂಡಿದ್ದಾರೆ.

ಶಾರ್ಕ್‌ಗೆ ತಿನ್ನಲು ಕಲಿಸಿದ್ರೆ ಆಯ್ತಲ್ಲ?

ಹೊಂಡುರಾಸ್‌ನ ಡೈವರ್‌ಗಳು ಪ್ರಯತ್ನ ಮಾಡಿದ್ದಾರೆ. ಈಟಿಯಲ್ಲಿ ಚುಚ್ಚಿದ ಲಯನ್‌ಫಿಶ್ ಕೊಟ್ಟರೆ ಶಾರ್ಕ್ ತಿನ್ನುತ್ತೆ. ಆದರೆ ಅದು ಕಲಿಯುವುದು ಲಯನ್‌ಫಿಶ್ ಬೇಟೆಯನ್ನಲ್ಲ, ಮನುಷ್ಯ ಬಂದರೆ ಊಟ ಬರುತ್ತೆ ಅನ್ನುವುದನ್ನು. ಆಮೇಲೆ ಡೈವರ್‌ನ ಕೈಯನ್ನೇ ಹುಡುಕಿಕೊಂಡು ಬಂದರೆ ಅಪಾಯ.

ರೋಗ ಬಂದು ತಾನಾಗಿ ಕಡಿಮೆ ಆಗಿದೆ ಅಂತ ಕೇಳಿದೆ.

2017ರಲ್ಲಿ ಮೆಕ್ಸಿಕೋ ಕೊಲ್ಲಿಯ ಉತ್ತರದಲ್ಲಿ ಇವುಗಳ ಚರ್ಮದಲ್ಲಿ ಹುಣ್ಣು ಕಾಣಿಸಿತು. ಮರುವರ್ಷ ಆ ಕಡೆ ಸಂಖ್ಯೆ ಇಳಿಯಿತು. ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಇಷ್ಟು ಮೊಟ್ಟೆ ಇಡುವ ಮೀನು ಮತ್ತೆ ಮೇಲೆ ಬರಲು ಹೆಚ್ಚು ಕಾಲ ಬೇಡ.

ನಮ್ಮ ಕಡಲಿಗೂ ಹೀಗೆ ಯಾವುದಾದ್ರೂ ಬರಬಹುದಾ?

ಬರಬಹುದು, ಪಕ್ಕದಲ್ಲೇ ಬಂದಾಗಿದೆ. ದಕ್ಷಿಣ ಅಮೆರಿಕದ ಕಡೆಯ ಚರ್ರು ಅನ್ನುವ ಚಿಪ್ಪುಜೀವಿ ಕೇರಳದ ಹಿನ್ನೀರುಗಳಲ್ಲಿ, ಅಷ್ಟಮುಡಿಯಲ್ಲಿ, ಬೇರು ಬಿಟ್ಟಿದೆ. ಅದು ಪಚ್ಚಿಲೆಯ ಸಂಬಂಧಿ. ಕಲ್ಲು, ಕಂಬ, ಹಗ್ಗ ಎಲ್ಲದಕ್ಕೂ ಗೊಂಚಲಾಗಿ ಅಂಟಿಕೊಂಡು ಊರಿನ ಚಿಪ್ಪುಗಳಿಗೆ ಜಾಗ ಬಿಡುವುದಿಲ್ಲ. ನಮ್ಮ ಅಳಿವೆಗಳಲ್ಲಿ ಪಚ್ಚಿಲೆ, ಮರುವಾಯಿ ತೆಗೆದು ಬದುಕುವವರು ಎಷ್ಟು ಮಂದಿ ಇದ್ದಾರೆ ಅಂತ ನಿಮಗೆ ಗೊತ್ತು.

ಇಂಥವು ಬರುವ ದೊಡ್ಡ ದಾರಿ ಹಡಗು. ಸರಕು ಇಲ್ಲದ ಹಡಗು ತೂಕಕ್ಕೆಂದು ಒಂದು ಬಂದರಿನ ನೀರು ತುಂಬಿಕೊಂಡು ಇನ್ನೊಂದರಲ್ಲಿ ಬಿಡುತ್ತೆ. ಹಡಗಿನ ತಳಕ್ಕೆ ಅಂಟಿಯೂ ಬರುತ್ತವೆ. ಪಣಂಬೂರಿನಂಥ ದೊಡ್ಡ ಬಂದರು ಇರುವ ಊರು ನಮ್ಮದು. ಈ ನೀರನ್ನು ಶುದ್ಧ ಮಾಡಿಯೇ ಬಿಡಬೇಕು ಅನ್ನುವ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು.

ಬಲೆಯಲ್ಲೋ ಅಳಿವೆಯಲ್ಲೋ ಹಿಂದೆಂದೂ ನೋಡದ ಜೀವಿ ಸಿಕ್ಕರೆ ಫೋಟೋ ತೆಗೆಯಿರಿ, ಸಿಕ್ಕಿದ ಜಾಗ ಮತ್ತು ಆಳ ಬರೆದಿಡಿ, ಸಾಧ್ಯವಾದರೆ ಐಸ್‌ನಲ್ಲಿ ಇಡಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರ ಇದೆ, ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜಿದೆ. ಹೊಸ ಜೀವಿಯನ್ನು ಮೊದಲು ನೋಡುವುದು ಯಾವಾಗಲೂ ಮೀನುಗಾರರೇ.

ಅಕ್ಕ, ನನ್ನ ಅಕ್ವೇರಿಯಂನಲ್ಲಿ ಒಂದು ಲಯನ್‌ಫಿಶ್ ಇದೆ. ಊರು ಬಿಟ್ಟು ಬೆಂಗಳೂರಿಗೆ ಹೋಗ್ಬೇಕು. ಇದು ಇಲ್ಲಿಯದ್ದೇ ಮೀನು ಅಂತೀರಲ್ಲ, ಮಲ್ಪೆ ಕಡಲಿಗೆ ಬಿಡಬಹುದಾ?

ಬಿಡಬೇಡಿ. ಅಂಗಡಿಯ ಮೀನು ಬಹುಶಃ ಇಂಡೋನೇಷ್ಯಾದ್ದೋ ಫಿಲಿಪ್ಪೀನ್ಸ್‌ನದ್ದೋ ಆಗಿರುತ್ತೆ. ಜಾತಿ ಬೇರೆ ಇರಬಹುದು, ಜಾತಿ ಒಂದೇ ಆದರೂ ತಳಿ ಬೇರೆ. ಅಂಗಡಿಯ ತೊಟ್ಟಿಗಳಲ್ಲಿ ಹತ್ತು ದೇಶದ ಮೀನುಗಳ ಜೊತೆ ಇದ್ದು ರೋಗ ಹತ್ತಿಸಿಕೊಂಡಿರಬಹುದು. ಅದನ್ನು ನಮ್ಮ ಕಡಲಿನ ಮೀನುಗಳಿಗೆ ದಾಟಿಸಿದ ಹಾಗಾಗುತ್ತೆ.

ತಂದ ಅಂಗಡಿಗೆ ವಾಪಸ್ ಕೇಳಿ ನೋಡಿ. ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಮಂಗಳೂರು, ಮಣಿಪಾಲದಲ್ಲಿ ಇದ್ದಾರೆ, ತೆಗೆದುಕೊಳ್ಳಬಹುದು. ಸಾಗಿಸುವಾಗ ಬಲೆಯ ಬದಲು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬಳಸಿ, ಬಲೆಗೆ ಮುಳ್ಳು ಸಿಕ್ಕಿ ನಿಮ್ಮ ಕೈಗೂ ಅದಕ್ಕೂ ಗಾಯ ಆಗುತ್ತೆ. ಯಾರೂ ಸಿಗದೇ ಹೋದರೆ ಪಶುವೈದ್ಯರನ್ನೋ ಮೀನುಗಾರಿಕಾ ಕಾಲೇಜಿನವರನ್ನೋ ಕೇಳಿ, ನೋವಿಲ್ಲದ ಹಾಗೆ ಕೊನೆಗಾಣಿಸುವ ದಾರಿ ಹೇಳುತ್ತಾರೆ. ತೊಟ್ಟಿಯ ನೀರನ್ನೂ, ಒಳಗಿನ ಕಲ್ಲು ಮರಳನ್ನೂ ಹೊಳೆಗೋ ತೋಡಿಗೋ ಸುರಿಯಬೇಡಿ. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಬಿಟ್ಟು, ಬಾವಿಯಿಂದಲೂ ಗಿಡಗಳಿಂದಲೂ ದೂರ ಒಣ ನೆಲಕ್ಕೆ ಚೆಲ್ಲಿ. ಕಲ್ಲು ಮರಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆ ಇನ್ನೊಬ್ಬರಿಗೆ ಕೊಡಬಹುದು.